ಮಾರ್ತಾಳ ತವರು

"ಯಾರು ಉಝೈರ್, ಈ ಮಾರ್ತಾ?"

ಲೀಡ್ಸ್‌ನ ಹಳೆಯ ದಾಖಲೆಗಳ ಕಚೇರಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಉಝೈರ್ ಬೆಚ್ಚಿ ತಲೆಯೆತ್ತಿದ. ಆ ಬೆಕ್ಕಿನ ಕಣ್ಣುಗಳಿಗೆ ಇವತ್ತು ಕರಗಬಾರದು... ರುಮಾನ ಹಲ್ಲು ಕಚ್ಚಿ ನಿಂತಳು.

ಧಾರವಾಡದ ಡಾಕ್ಟರ್ ಅವಳು, ಬೆಂಗಳೂರಿನ ದಂಡು ಪ್ರದೇಶದ ಎಂಜಿನಿಯರ್ ಅವನು. ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ಬಸ್ಸಿಗೆ ಕಾಯುತ್ತ ಹುಟ್ಟಿದ ಪ್ರೀತಿ. ಅವಳ ಅಬ್ಬಾ ಫೋನಿನಲ್ಲಿ ಅವನ ಖಾಂದಾನ್ ಯಾವುದೆಂದು ಕೇಳಿದಂದಿನಿಂದ ಅವನು ಮದುವೆಯ ಮಾತಿಗೆ ಜಾರಿಕೊಳ್ಳುತ್ತಿದ್ದ. ಶನಿವಾರಗಳಂದು ಕೈಗೇ ಸಿಗುತ್ತಿರಲಿಲ್ಲ. ಮಾರ್ತಾ ಸಿಗದೆ ಮದುವೆಯ ಮಾತೇ ಬೇಡ ಎಂದು ಅವನು ಗೆಳೆಯನಿಗೆ ಹೇಳಿದ್ದು ನಿನ್ನೆ ಅವಳ ಕಿವಿಗೆ ಬಿದ್ದಿತ್ತು. ಇವತ್ತು ಅವನ ಬೆನ್ನು ಹತ್ತಿ ಇಲ್ಲಿಗೆ ಬಂದಿದ್ದಳು.

"ಕೂತ್ಕೋ ರುಮಾನ. ಅವಳು ಸತ್ತು ನೂರು ವರ್ಷದ ಮೇಲಾಯ್ತು."

ಮೆಲುದನಿಯಲ್ಲಿ ಎಲ್ಲ ಹೇಳಿದ. ಅವನ ಮುತ್ತಜ್ಜನ ಅಪ್ಪ ವಿಲಿಯಂ ಬಾರಕ್ಲಫ್, ಬೆಂಗಳೂರಿಗೆ ರೈಲಿನ ಕೆಲಸಕ್ಕೆ ಬಂದ ಲೀಡ್ಸ್‌ನವನು. ಅಲ್ಲೇ ಕಲ್ಮಾ ಓದಿ ಮುಸ್ಲಿಮನಾಗಿ, ಮದುವೆಯಾಗಿ, ಅಲ್ಲೇ ಮಣ್ಣಾದ. ಅವನ ತಂದೆತಾಯಿ ಯಾರೆಂದು ಯಾರಿಗೂ ತಿಳಿಯದು. ಬೇರಿಲ್ಲದ ಮನೆತನವೆಂದು ಕೇರಿಯವರು ಈಗಲೂ ಆಡಿಕೊಳ್ಳುತ್ತಾರೆ.

ವಿಲಿಯಂ ಹುಟ್ಟಿದ್ದು 1831ರಲ್ಲಿ. ಇಂಗ್ಲೆಂಡಿನ ಸರ್ಕಾರ ಜನನ ನೋಂದಣಿ ಶುರುಮಾಡಿದ್ದು 1837ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳೇ ಗತಿ. ಜೋಸೆಫ್ ಬಾರಕ್ಲಫ್ ಎಂಬವನು ವಿಲಿಯಂ ಹುಟ್ಟುವ ಹಿಂದಿನ ವರ್ಷ ಮಾರ್ತಾಳನ್ನು ಮದುವೆಯಾದದ್ದು ಸಿಕ್ಕಿತ್ತು. ಆದರೆ ವಿಲಿಯಂ ಅವರ ಮಗನೆನ್ನಲು ಲೀಡ್ಸ್‌ನ ಯಾವ ಚರ್ಚಿನಲ್ಲೂ ಆಧಾರವಿರಲಿಲ್ಲ.

ರುಮಾನಳ ಸಿಟ್ಟು ಎಲ್ಲಿ ಹೋಯಿತೋ! ಒಂದೇ ಪ್ರಶ್ನೆ ಕೇಳಿದಳು. ಮಾರ್ತಾ ಯಾವೂರವಳು?

"ಓಟ್ಲಿ. ಇಲ್ಲೇ ಹತ್ತಿರ. ಯಾಕೆ?"

"ಮೊದಲನೇ ಹೆರಿಗೆ ಅಲ್ವಾ? ತವರಿಗೆ ಹೋಗಿರ್ತಾಳೆ."

"ಇವರಲ್ಲೂ ಹಾಗಾ?"

"ನಮ್ಮ ಹೆರಿಗೆ ವಾರ್ಡಿಗೆ ಬಂದು ನೋಡು. ನೋವು ಬಂದಾಗ ಇಂಗ್ಲಿಷ್ ಹುಡುಗೀರೂ ಕೂಗೋದು ಅಮ್ಮನನ್ನೇ."

ಓಟ್ಲಿ ಚರ್ಚಿನ ಪುಸ್ತಕದ ಫಿಲ್ಮ್ ಸುರುಳಿ ತರಿಸಿದರು. ಮಸುಕು ಅಕ್ಷರಗಳು ಪರದೆಯ ಮೇಲೆ ಸರಿದವು... ನಿಂತವು. ವಿಲಿಯಂ, ಜೋಸೆಫ್ ಮತ್ತು ಮಾರ್ತಾರ ಮಗ. ಪಕ್ಕದಲ್ಲೇ ಹುಟ್ಟಿದ ತಾರೀಕು. ಬೆಂಗಳೂರಿನಲ್ಲಿ ವಿಲಿಯಂನ ಗೋರಿಯ ಮೇಲೆ ಕೆತ್ತಿದ್ದ ತಾರೀಕೇ!

ಉಝೈರ್ ಆ ಸಾಲನ್ನು ಬೆರಳಿನಿಂದ ಮುಟ್ಟಿದ. ಇನ್ನು ಧೈರ್ಯವಾಗಿ ಅಬ್ಬಾರನ್ನು ಕೇಳಬಹುದು ಎಂದ.

"ಪೆದ್ದ! ಅಬ್ಬಾ ಖಾಂದಾನ್ ಕೇಳಿದ್ದು ಸಂಬಂಧ ಮಾತಾಡೋಕೆ ಯಾರ ಮನೆಗೆ ಫೋನ್ ಮಾಡ್ಬೇಕು ಅಂತ ಕಣೋ. ಬೇರು ಅಗೆಯೋಕೆ ಅಲ್ಲ."

ಮರುದಿನ ಇಬ್ಬರೂ ಬಸ್ಸು ಹತ್ತಿ ಓಟ್ಲಿಗೆ ಹೋದರು. ಚರ್ಚಿನ ಹುಲ್ಲಿನ ನಡುವೆ ನಿಂತು ಉಝೈರ್ ಅಂಗೈಯೆತ್ತಿ ದುವಾ ಕೇಳಿದ. ರುಮಾನಳೂ ಕೈಯೆತ್ತಿದಳು. ಹೆತ್ತು ಕಳಿಸಿದೆಯಲ್ಲ ತಾಯಿ, ನಿನ್ನಿಂದಲೇ ಇವನು ನನಗೆ ಸಿಕ್ಕ...

"ನೀನು ಮೊದಲನೇ ಹೆರಿಗೆಗೆ ಧಾರವಾಡಕ್ಕೆ ಹೋಗ್ತೀಯಾ?" ಅವನು ಮೆಲ್ಲಗೆ ಕೇಳಿದ.

ಅವಳ ಕೆನ್ನೆ ಕೆಂಪಾಯಿತು. ತನ್ನ ಫೋನನ್ನು ಅವನ ಅಂಗೈಗಿಟ್ಟಳು.

"ಮೊದಲು ಅಬ್ಬಾಗೆ ನಿನ್ನ ಅಮ್ಮಿಯ ನಂಬರ್ ಕಳಿಸು."