ಕೈ ತಾಗಿದರೆ ಫೇಲ್

ಅವಳು ಮೊದಲ ಸಲ ನನ್ನನ್ನು ಮುಟ್ಟಿದ್ದು ಕಾಲರ್ ಹಿಡಿದು. ನಾನಾಗ ನೀರಿನೊಳಗೆ ತಲೆಕೆಳಗಾಗಿದ್ದೆ. ಎಳೆದು ತಂದು ಕಟ್ಟೆಯ ಮೇಲೆ ಹಾಕಿದಳು. ಇನ್ನೊಂದು ಕ್ಷಣ ಬಿಟ್ಟಿದ್ದರೆ ನಾನೇ ಬರುತ್ತಿದ್ದೆ ಎಂದು ಕೆಮ್ಮುತ್ತಲೇ ಕೂಗಾಡಿದೆ. ಅವಳು ಡೈವಿಂಗ್ ಕನ್ನಡಕವನ್ನು ಹಣೆಗೇರಿಸಿ, ತುಟಿಯಂಚಿನ ನಗು ಅದುಮಿಕೊಂಡು ನೋಡಿದಳು.

"ಬರ್ತಿದ್ರಿ. ತೇಲ್ಕೊಂಡು."

ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು.

ಮೂರೂ ಸೇನೆಗಳಿಂದ ಆರಿಸಿ ತಂದ ಇಪ್ಪತ್ತು ಕಮಾಂಡೊಗಳು ನಾವು. ವಾಯುಪಡೆಯವರಿಂದ ವಿಮಾನದಿಂದ ಜಿಗಿಯುವುದನ್ನು, ನೌಕಾಪಡೆಯವರಿಂದ ಮುಳುಗುವುದನ್ನು ಕಲಿಯಬೇಕು. ಮುಳುಗುವ ಪಾಠ ನಡೆಯುವುದು ಹೆಲಿಕಾಪ್ಟರಿನ ಹೊಟ್ಟೆಯಂಥ ಒಂದು ಕಬ್ಬಿಣದ ಡಬ್ಬದಲ್ಲಿ. ಸೀಟಿಗೆ ಬಿಗಿದು, ಕೊಳಕ್ಕೆ ಇಳಿಸಿ, ಮಗುಚಿಬಿಡುತ್ತಾರೆ. ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದರೆ ಹೇಗೋ ಹಾಗೆ, ಕಿಟಕಿಯಿಂದ ನಾವೇ ಹೊರಬರಬೇಕು. ಪಕ್ಕದಲ್ಲಿ ಕಾಯುವ ನೌಕಾಪಡೆಯ ಡೈವರ್ ಅವಳು. ಅವಳ ಕೈ ತಾಗಿದರೆ ಫೇಲ್. ಮೂರು ಸಲ ಫೇಲಾದರೆ ಗಂಟುಮೂಟೆ ಕಟ್ಟಿಕೊಂಡು ಹಳೆಯ ಪಲ್ಟನ್ನಿಗೆ ವಾಪಸ್.

ತಂಡದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ನನ್ನ ಬಾಯಿಗೆ ಮಾತ್ರ ಆ ಪದ ಬರಲಿಲ್ಲ.

ಎರಡನೇ ಸಲವೂ ಅದೇ ಕಥೆ. ನಮ್ಮ ಪಲ್ಟನ್ನಿನಲ್ಲಿ ಗಾಡಿಯ ಬಾಗಿಲು ತೆರೆದ ಕೂಡಲೇ ಮೊದಲು ಹಾರಿದವನೇ ಗಂಡಸು. ಆ ಚಾಳಿಯಲ್ಲಿ ನೀರು ಕುತ್ತಿಗೆಗೆ ಬರುವಷ್ಟರಲ್ಲೇ ಬೆಲ್ಟ್ ಬಿಚ್ಚಿದೆ. ಡಬ್ಬ ಮಗುಚಿತು. ಕಿಟಕಿಯೆಂದುಕೊಂಡು ನೆಲವನ್ನು ಗುದ್ದುತ್ತಿದ್ದೆ. ಮತ್ತೆ ಅದೇ ಕೈ.

ಒದ್ದೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ ಬಂದು, ಯಾರ ಮೇಲೆ ಇಷ್ಟು ಸಿಟ್ಟು ಎಂದು ಕೇಳಿದಳು. ಬೆಲ್ಟಿನ ಮೇಲೆ ಎಂದೆ. ಯಾರಿಗೂ ಹೇಳದ್ದನ್ನೂ ಹೇಳಿಬಿಟ್ಟೆ: ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಸಾಮಾನಿನ ಕೋಣೆಗೆ ದೂಡಿ ಚಿಲಕ ಹಾಕಿದ್ದು, ಕಿಟಕಿ ಮುರಿದು ಓಡಿದ ನಾನು ಮತ್ತೆ ಆ ಶಾಲೆಯ ಮುಖ ನೋಡದ್ದು.

ಅವಳು ಕರುಣೆ ತೋರಲಿಲ್ಲ. ನನ್ನ ಎಡಗೈಯನ್ನೇ ನೋಡುತ್ತ ಹೇಳಿದಳು.

"ಬೆಲ್ಟ್ ನಿಮ್ಮನ್ನ ಕೂಡಿಹಾಕಲ್ಲ. ಕಿಟಕಿ ಹತ್ರಾನೇ ಇಟ್ಕೊಂಡಿರುತ್ತೆ. ಒಂದು ಕೈ ಚೌಕಟ್ಟಿನ ಮೇಲಿರ್ಲಿ. ಒಳಗೆ ನುಗ್ಗೋ ನೀರು ನಿಲ್ಲೋವರೆಗೂ ಬಿಚ್ಚಬೇಡಿ."

"ನಾಳೆ ನನ್ನ ಮುಟ್ಟಬೇಡಿ, ಅಷ್ಟು ಸಾಕು."

"ಮುಟ್ಟದೆ ಇರೋದು ನನಗೇನು ಸುಲಭ ಅಂದ್ಕೊಂಡ್ರಾ?"

ಹೇಳಿದ ಮೇಲೆ ಅವಳ ಕಿವಿ ಕೆಂಪಾಯಿತು. ತೂಗುಹಾಕಿದ ಬಟ್ಟೆಗಳನ್ನು ಸರಿಸಿಕೊಂಡು ಸರಸರನೆ ಹೋಗಿಬಿಟ್ಟಳು.

ಮೂರನೇ ಸಲ ಡಬ್ಬ ಮಗುಚಿದಾಗ ಮೂಗಿಗೆಲ್ಲ ನೀರು ನುಗ್ಗಿತು. ಬೆಲ್ಟ್ ಎದೆಯನ್ನು ಬಿಗಿದಿತ್ತು. ಚಿಲಕ ಬಿದ್ದ ಸದ್ದು ಕೇಳಿದಂತಾಯಿತು. ಬಲಗೈ ತಾನಾಗಿಯೇ ಬಕಲ್ಲಿಗೆ ಹೋಯಿತು. ಎಡಗೈ ಚೌಕಟ್ಟಿನ ಮೇಲಿತ್ತು. ಅದರಿಂದ ಒಂದು ಗೇಣು ದೂರದಲ್ಲಿ, ಗುಳ್ಳೆಗಳ ನಡುವೆ, ಅವಳ ಕೈ. ಮುಂದೆ ಬಂತು. ಮುಷ್ಟಿಯಾಯಿತು. ಹಿಂದೆ ಹೋಯಿತು. ಗಾಜಿನ ಹಿಂದಿನ ಆ ಕಣ್ಣುಗಳು ರೆಪ್ಪೆ ಹೊಡೆಯಲಿಲ್ಲ. ಅವಳೂ ನನ್ನ ಜೊತೆ ಸಿಕ್ಕಿಹಾಕಿಕೊಂಡಿದ್ದಾಳೆ ಎನ್ನಿಸಿತು.

ಕಾದೆ. ಜೀವನದಲ್ಲಿ ಮೊದಲ ಸಲ.

ನೀರು ನಿಂತಿತು. ಬಿಚ್ಚಿದೆ. ಚೌಕಟ್ಟು ಹಿಡಿದು ಎಳೆದುಕೊಂಡು ಹೊರಬಿದ್ದೆ.

ಪಾಸಾದವರನ್ನು ಅದೇ ಮಧ್ಯಾಹ್ನ ಜಿಗಿತದ ಶಾಲೆಗೆ ಸಾಗಿಸುವ ಲಾರಿ ಬಂತು. ಎಲ್ಲರೂ ಬರ್ತೀವಿ ಅಕ್ಕ ಎಂದು ಹತ್ತಿದರು. ನಾನೊಬ್ಬ ಉಳಿದೆ.

"ನೀವು ಅಕ್ಕ ಅನ್ನಲ್ವಾ?"

"ಆ ಒಂದು ಪಾಠದಲ್ಲಿ ಫೇಲು."

ಅವಳು ಈ ಸಲ ನಗು ಅದುಮಿಕೊಳ್ಳಲಿಲ್ಲ. ಕೈ ಚಾಚಿದಳು. ನೀರಲ್ಲಿ ನೆನೆದು ಸುಕ್ಕಾದ, ತಣ್ಣನೆಯ ಬೆರಳುಗಳು. ಹಿಡಿದೆ. ಲಾರಿ ಹಾರ್ನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು. ಎಲ್ಲರಿಗಿಂತ ಮೊದಲು ಹಾರುವವನು ನಾನು. ಕೈ ಬಿಡಲಿಲ್ಲ.

"ಇನ್ನೂ ನೀರು ನಿಂತಿಲ್ಲ," ಎಂದೆ.