ನೀಲಿ ಮೂಲೆಯಿಂದ ಹಾರಿದ ಟಾವೆಲ್

ಭಾನುವಾರ ಬೆಳಿಗ್ಗೆ ಬಾಕ್ಸಿಂಗ್ ಕಲಿಸುವ ಚನ್ನವೀರಪ್ಪ ಉಸ್ತಾದ ನಮ್ಮ ವಾಡೆಯ ಮೆಟ್ಟಿಲು ಹತ್ತಿ ಬಂದಾಗ ನಾನು ಅವನ ಮುಖ ನೋಡಲಿಲ್ಲ. ಬೇಕೆಂತಲೇ ನೋಡಲಿಲ್ಲ. ಹಿಂದಿನ ಸಂಜೆ ಸೊಲ್ಲಾಪುರದ ಮಾನ ಕಳೆದವನು ಅವನೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು, ನನ್ನ ದನಿ ಅದರಲ್ಲಿ ತುಸು ದೊಡ್ಡದೇ ಇತ್ತು.

ಅವನು ನನ್ನನ್ನು ದಾಟಿ ನೇರವಾಗಿ ದ್ವಾರಕಾ ವೈನಿಯ ಮುಂದೆ ನಿಂತ.

"ಬಾಯಿಯವರ, ನಾ ಟಾವೆಲ್ ಒಗದಿಲ್ರಿ" ಎಂದ. "ಮೂವತ್ತು ವರ್ಷ ಹುಡುಗರನ್ನ ತಯಾರ ಮಾಡೀನಿ. ನನ್ನ ಕೈಯಿಂದ ಒಬ್ಬ ಹುಡುಗನ್ನ ನಾ ಸೋಲಸ್ತೀನೇನ್ರಿ? ಊರು ನಂಬವಲ್ದು. ನೀವರೆ ನಂಬ್ರಿ."

"ಮೊದ್ಲ ಕೂಡ್ರಿ ಉಸ್ತಾದ. ಚಹಾ ಕುಡೀರಿ" ಎಂದರು ವೈನಿ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ನಮ್ಮ ಪೇಟೆಯಲ್ಲಿ ಯಾರ ಮನೆಯ ಬೋರಮಾಳ ಸರ ಕಳೆಯಲಿ, ಯಾರ ಮನೆಯ ಅಳಿಯ ಕಳೆಯಲಿ, ಜನ ಪೊಲೀಸ್ ಚೌಕಿಗಿಂತ ಮೊದಲು ಬರುವುದು ಇವರ ಹತ್ತಿರ. ಫೌಜದಾರರೂ ಒಮ್ಮೊಮ್ಮೆ ಚಹಾದ ನೆಪ ಮಾಡಿ ಬಂದು ಉತ್ತರ ತಗೊಂಡು ಹೋಗಿದ್ದಾರೆ. ನನ್ನದು ಚಾಟಿ ಗಲ್ಲಿಯಲ್ಲಿ ಟಾವೆಲ್ ಅಂಗಡಿ. ಉಳಿದ ವೇಳೆಯಲ್ಲಿ ವೈನಿಯ ಛತ್ರಿ ಹಿಡಿದು ಹಿಂದೆ ತಿರುಗುವವನು. ಅವರ ಬುದ್ಧಿಯ ಬಗ್ಗೆ ನನಗಿರುವ ಅಭಿಮಾನವನ್ನು ನಾನು ಮುಚ್ಚಿಡುವವನಲ್ಲ.

ಏನು ನಡೆದಿತ್ತೆಂದು ಹೇಳಬೇಕು. ಅದು ಎಪ್ಪತ್ಮೂರರ ಚಳಿಗಾಲ. ಜಿಲ್ಲೆಗಳ ನಡುವಿನ ಬಾಕ್ಸಿಂಗ್ ಪಟ್ಟದ ಪಂದ್ಯ ಮೊಟ್ಟಮೊದಲ ಸಲ ನಮ್ಮ ಊರಿಗೆ ಬಂದಿತ್ತು. ಪುಣೆಯ ಮಿಲಿಟರಿ ಬಾಕ್ಸರನ ಎದುರು ನಮ್ಮ ಗಿರಣಿ ಓಣಿಯ ಪೀರಪ್ಪ! ಒಂದು ತಿಂಗಳಿಂದ ಕಟಿಂಗ್ ಸಲೂನಿನಲ್ಲಿ, ಚಹಾದ ಹೋಟೆಲಿನಲ್ಲಿ, ಮಗ್ಗದ ಖಡಖಡದ ನಡುವೆ ಕೂಡ ಬೇರೆ ಮಾತಿರಲಿಲ್ಲ. ಜೀವನದಲ್ಲಿ ಒಂದು ನೊಣ ಹೊಡೆಯದವರು ಕೂಡ ಗಾಳಿಯಲ್ಲಿ ಗುದ್ದು ತೋರಿಸಿ ಪೀರಪ್ಪ ಹೇಗೆ ಗೆಲ್ಲಬೇಕೆಂದು ಹೇಳಿಕೊಡುತ್ತಿದ್ದರು.

ಪಟ್ಟದ ಪಂದ್ಯ ಭಾನುವಾರ ಸಂಜೆಗೆ. ಅದಕ್ಕೆ ಮುಂಚಿನ ಸಣ್ಣ ಪಂದ್ಯಗಳು ಶನಿವಾರ ಸಂಜೆ. ಅವುಗಳಲ್ಲಿ ಕೊನೆಯದಕ್ಕಾಗಿಯೇ ಅರ್ಧ ಮಂದಿ ಬಂದಿದ್ದರು. ಅಕ್ಕಲಕೋಟೆಯ ಅಮೋಗಸಿದ್ಧ, ಪೀರಪ್ಪನಂತೆ ಉಸ್ತಾದನದೇ ಶಿಷ್ಯ, ಕೊಲ್ಲಾಪುರದ ಹುಡುಗನ ಎದುರು ನಿಂತಿದ್ದ. ಎರಡನೇ ಸುತ್ತಿನಲ್ಲಿ ಅವನ ಎಡಗೈ ಗುದ್ದು ಹೇಗೆ ಹೋಯಿತೋ, ಕೊಲ್ಲಾಪುರದವನು ಅಂಗಾತ ಬಿದ್ದ. ನಾನು ಕುರ್ಚಿ ಮೇಲೆ ಹತ್ತಿ ಕೂಗಬೇಕು, ಅಷ್ಟರಲ್ಲಿ ನಮ್ಮ ಹುಡುಗನ ನೀಲಿ ಮೂಲೆಯ ಕಡೆಯಿಂದ ಒಂದು ಬಿಳಿ ಟಾವೆಲ್ ಹಾರಿ ಬಂದು ರೆಫರಿಯ ಕಾಲ ಹತ್ತಿರ ಬಿತ್ತು.

ಬಾಕ್ಸಿಂಗಿನಲ್ಲಿ ಮೂಲೆಯ ಉಸ್ತಾದ ಅಖಾಡಕ್ಕೆ ಟಾವೆಲ್ ಎಸೆದರೆ "ನಮ್ಮವನು ಸೋತ, ಸಾಕು ಮಾಡಿ" ಎಂದು ಅರ್ಥ. ಮುಂಬಯಿಯ ರೆಫರಿ ಎಣಿಕೆ ನಿಲ್ಲಿಸಿ, ಇನ್ನೂ ಸರಿಯಾಗಿ ಎದ್ದು ನಿಲ್ಲದ ಕೊಲ್ಲಾಪುರದವನ ಕೈ ಎತ್ತಿಬಿಟ್ಟ. ಕುರ್ಚಿಗಳು ಹಾರಿದವು. ಪಂದ್ಯ ಸಮಿತಿಯ ಸೆಕ್ರೆಟರಿ ದಾಮೋದರ ಶೇಟಜಿ ಅಲ್ಲೇ ತೀರ್ಪು ಕೊಟ್ಟರು. ಉಸ್ತಾದ ಲಂಚ ತಿಂದಿದ್ದಾನೆ, ಶಿಷ್ಯ ಗೆಲ್ಲುವುದು ಕಂಡು ಗಾಬರಿಯಾಗಿ ಟಾವೆಲ್ ಎಸೆದಿದ್ದಾನೆ, ಇನ್ನು ಅವನು ಪೀರಪ್ಪನ ಮೂಲೆಯಲ್ಲಿ ನಿಲ್ಲಕೂಡದು. ಇತ್ತ ಪೀರಪ್ಪ, ಉಸ್ತಾದ ಇಲ್ಲದಿದ್ದರೆ ತಾನು ಹಗ್ಗದ ಒಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ. ಸಂಜೆಯೊಳಗೆ ಉಸ್ತಾದನ ಹೆಸರು ತೊಳೆಯದಿದ್ದರೆ ಪಟ್ಟವೂ ಹೋಯಿತು, ಊರಿನ ಮಾನವೂ ಹೋಯಿತು.

"ನಿಮ್ಮ ಟಾವೆಲ್ ಎಲ್ಲಿತ್ತು?" ವೈನಿ ಕೇಳಿದರು.

"ಬಕೀಟಿನ ಮ್ಯಾಲ ಇತ್ರಿ. ಗದ್ಲದಾಗ ಯಾರ ಒಯ್ದ್ರೋ. ಅದಕ್ಕ ಶೇಟಜಿ ಇದ ನಿಂದು ಅಂತಾರ."

ನಾವು ಪಂದ್ಯ ನಡೆದ ಮಂಟಪಕ್ಕೆ ಹೋದೆವು. ದಾಮೋದರ ಶೇಟಜಿ ಟಾವೆಲನ್ನು ಸಾಕ್ಷಿಯೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದರು. ತೆಗೆದು ತೋರಿಸಿ, "ನೋಡ್ರಿ ಬಾಯಿ, ನಮ್ಮ ಹುಡುಗನ ರಕ್ತ! ಮಾರಿ ಒರಸಿದ ಟಾವೆಲ್ಲೇ ಒಗದಾನ" ಎಂದರು. ಒಂದು ತುದಿಯಲ್ಲಿ ಕೆಂಪು ಕಲೆ ಎದ್ದು ಕಾಣುತ್ತಿತ್ತು. ನಿನ್ನೆಯ ಕಲೆ ಇವತ್ತೂ ಕೆಂಪಗೇ ಇತ್ತು.

ವೈನಿ ಅದನ್ನು ಮೂಗಿನ ಹತ್ತಿರ ಹಿಡಿದರು. ಅಖಾಡದ ಬದಿಯ ಬಕೀಟಿನಿಂದ ತುಸು ನೀರು ಬೆಂಚಿನ ಮೇಲೆ ಚೆಲ್ಲಿ ಟಾವೆಲ್ ನನ್ನ ಕೈಗೆ ಕೊಟ್ಟರು. "ಶಿವಾನಂದ, ಇದನ್ನ ಒರಸಪಾ."

ನಾನು ಒರೆಸಿದೆ. ನೀರು ಈ ಕಡೆಯಿಂದ ಆ ಕಡೆಗೆ ಹೋಯಿತೇ ಹೊರತು ಬೆಂಚು ಒಣಗಲಿಲ್ಲ.

"ಟಾವೆಲ್ ಮಾರಾಂವ ನೀ. ಒರಸೂದು ನಾ ಹೇಳಿಕೊಡಬೇಕೇನ?" ಎಂದು ನಕ್ಕರು. ಆಮೇಲೆ ಸೀರೆ ಸಾವರಿಸಿಕೊಂಡು, ಈ ವಯಸ್ಸಿನಲ್ಲಿ, ಅಖಾಡದ ಹಲಗೆಯ ಕೆಳಗೆ ಬಗ್ಗಿ ಹುಡುಕಿದರು. ಹೊರಬಂದಾಗ ಕೈಯಲ್ಲಿ ಒಂದು ಬಿಳಿ ಟೋಪಿ ಇತ್ತು. ಹೊಸದು. ಒಳಗೆ ಎಣ್ಣೆಯ ಜಿಡ್ಡೂ ಇರಲಿಲ್ಲ.

"ವೈನಿ, ನಿನ್ನೆ ಇಲ್ಲಿ ಸಾವಿರ ಟೋಪಿ ಹಾರ್ಯಾವ" ಎಂದೆ ನಾನು.

ಅವರು ಕೇಳಿಸಿಕೊಳ್ಳಲಿಲ್ಲ. ಮೂಲೆಯಲ್ಲಿ ಬಾತ ಹುಬ್ಬು ಹಿಡಿದುಕೊಂಡು ಕೂತಿದ್ದ ಅಮೋಗಸಿದ್ಧನ ತಲೆಯ ಮೇಲೆ ಟೋಪಿ ಇಟ್ಟರು. ಅವನದು ಕುಂಬಳಕಾಯಿಯಂಥ ತಲೆ. ಟೋಪಿ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

"ನಿನಗ ಟೋಪಿ ಹಾಕೂ ರೂಢಿ ಅದ ಏನಪಾ?"

"ಇಲ್ರಿ ಬಾಯಿ. ನನ್ನ ತಲಿಗೆ ಅಂಗಡ್ಯಾಗ ಟೋಪಿ ಸಿಗೂದಿಲ್ಲ. ಸಾಲಿಗೆ ಹೋಗಾಗ ಅಪ್ಪ ಹೊಲಿಸಿ ಕೊಡ್ತಿದ್ದ." ಅವನ ದನಿ ಇಳಿಯಿತು. "ಈ ಗುದ್ದಾಟ ಬಿಡು ಅಂದ. ನಾ ಬಿಡ್ಲಿಲ್ಲ. ಒಂದ ವರ್ಷ ಆತು, ಮಾತಾಡ್ಸೂದ ಬಿಟ್ಟಾನ. ಅವ್ವ ಇಲ್ಲ, ಮನಿಗೆ ಹೋಗಾಕ ಮನಸಿಲ್ಲ."

"ಶಿವಾನಂದ, ಛತ್ರಿ ತಗೋ" ಎಂದರು ವೈನಿ. "ಅಕ್ಕಲಕೋಟಿ ಎಸ್ಟಿ ಬಸ್ಸು ಹಿಡಿಯೂಣು."

ಅಮೋಗಸಿದ್ಧನ ತಂದೆ ಸಾತಲಿಂಗಪ್ಪ ಅಲ್ಲಿನ ಕಚೇರಿಯ ಹೆಡ್ ಕ್ಲಾರ್ಕ್. ರಜೆಯ ದಿನವೂ ಕೋಟಿನ ಗುಂಡಿ ಬಿಚ್ಚದ ಮನುಷ್ಯ. ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದ. ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇತ್ತು. ಲಂಗೋಟಿ ಕಟ್ಟಿ, ಮೈಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡ ಒಬ್ಬ ತರುಣ, ತಲೆಗೆ ಫೇಟಾ, ಹೆಗಲಿಗೆ ಟಾವೆಲ್. ಕುಂಬಳಕಾಯಿಯಂಥ ತಲೆ.

"ಇದು ಸಂಸ್ಥಾನದ ಕಾಲದ್ದೇನ್ರಿ?" ವೈನಿ ಕೇಳಿದರು.

"ಹೌದ್ರಿ. ಕುಸ್ತಿ ಅಂದ್ರ ಅದು. ಮಣ್ಣಿನಾಗ ಆಡೂದು. ಈಗಿನ ಹುಡುಗರ ಗುದ್ದಾಟ ನನಗ ತಿಳಿಯೂದಿಲ್ಲ, ನೋಡೂದೂ ಇಲ್ಲ."

"ನಿನ್ನೆ ಸಂಜಿಗೆ?"

"ಮನ್ಯಾಗ ಇದ್ದೆ."

ವೈನಿ ಚೀಲದಿಂದ ಬೆಳಗಿನ ಪೇಪರು ತೆಗೆದು ಕೊಟ್ಟರು. ಅದರಲ್ಲಿ ಒಂದೇ ಸಾಲು ಇತ್ತು: ಅಕ್ಕಲಕೋಟೆಯ ಅಮೋಗಸಿದ್ಧನಿಗೆ ಎರಡನೇ ಸುತ್ತಿನಲ್ಲಿ ಸೋಲು. ಓದುತ್ತ ಸಾತಲಿಂಗಪ್ಪನ ಮುಖದ ಬಣ್ಣ ಹೋಯಿತು.

"ಸೋಲು? ಸುಳ್ಳು! ಹಂಗ ಹೊಡದ ಮ್ಯಾಲ—" ಎಂದು ಎದ್ದು ನಿಂತ. ಅವನ ಎಡಗೈ ಮುಷ್ಟಿಯಾಗಿ ಮುಂದಕ್ಕೆ ಹೋಗಿ ಅರ್ಧದಲ್ಲಿ ನಿಂತಿತು. ನಮ್ಮನ್ನು ನೋಡಿದ. ನಿಧಾನವಾಗಿ ಕೂತ.

ವೈನಿ ಕಂಡೂ ಕಾಣದವರಂತೆ ಕೈಮುಗಿದರು. "ಇಳಿಹೊತ್ತಿಗೆ ಸೊಲ್ಲಾಪುರದ ಮಂಟಪಕ್ಕ ಬರ್ರಿ. ಒಬ್ಬ ನಿರಪರಾಧಿಯ ಹೆಸರು ಕೆಡಾಕತ್ತದ. ಹೆಡ್ ಕ್ಲಾರ್ಕ್ ಬರೂದು ಬ್ಯಾಡ. ಆ ಫೋಟೋದಾಗಿನ ಪೈಲವಾನ ಬಂದ್ರ ಸಾಕು."

ಮರಳಿ ಬರುವಾಗ ಬಸ್ಸಿನಲ್ಲಿ ನಾನು ಎದೆಯುಬ್ಬಿಸಿ ಹೇಳಿದೆ, "ತಿಳೀತು ವೈನಿ! ಗುದ್ದಾಟ ಕಂಡ್ರ ಆಗದ ಅಪ್ಪ. ಮಗ ಗೆದ್ರ ಇನ್ನ ಬಿಡೂದಿಲ್ಲ ಅಂತ ಬೇಕಂತ ಟಾವೆಲ್ ಒಗದು ಸೋಲಿಸ್ಯಾನ."

ವೈನಿ ಶೇಂಗಾ ಸುಲಿಯುತ್ತ, "ಅರ್ಧ ಖರೇ" ಎಂದರು. ಉಳಿದ ಅರ್ಧ ಹೇಳಲಿಲ್ಲ.

ಇಳಿಹೊತ್ತಿಗೆ ಮಂಟಪದ ಹೊರಗೆ ಜನ ಜಾತ್ರೆಯಾಗಿ ಸೇರಿದ್ದರು. ಒಳಗೆ ಅಖಾಡದ ಸುತ್ತ ನಾವಷ್ಟೇ ಇದ್ದೆವು. ದಾಮೋದರ ಶೇಟಜಿ, ಮುಂಬಯಿಯ ರೆಫರಿ, ತಲೆ ತಗ್ಗಿಸಿದ ಉಸ್ತಾದ, ಪೀರಪ್ಪ, ಅಮೋಗಸಿದ್ಧ. ಸಾತಲಿಂಗಪ್ಪ ಕೊನೆಗೆ ಬಂದು ಬಾಗಿಲ ಹತ್ತಿರವೇ ನಿಂತ. ಮಗ ಮುಖ ತಿರುಗಿಸಿದ.

ವೈನಿ ಟಾವೆಲ್ ಎತ್ತಿ ಹಿಡಿದರು.

"ಶೇಟಜಿ, ರಕ್ತ ಒಂದ ರಾತ್ರ್ಯಾಗ ಕಂದು ಆಗ್ತದ. ಇದಿನ್ನೂ ಕೆಂಪದ, ಮೂಸಿದ್ರ ಅರಿಷಿಣದ ವಾಸನಿ ಬರ್ತದ. ಇದು ರಕ್ತ ಅಲ್ಲ, ಕುಂಕುಮ. ಹೊಸ ಅರಿವಿ ಕೊಡುಮುಂದ ನಾವು ತುದಿಗೆ ಹಚ್ತೀವಲ್ಲ, ಅದು. ಎರಡನೇದು, ಈ ಟಾವೆಲ್ ಒಮ್ಮಿನೂ ನೀರು ಕಂಡಿಲ್ಲ. ಗಂಜಿ ಹೋಗದ ಹೊಸ ಟಾವೆಲ್ ನೀರು ಹೀರೂದಿಲ್ಲ. ಬೆವರು ಒರಸಾಕ ಉಸ್ತಾದರು ಇಂಥಾದ್ದು ತರ್ತಾರೇನು, ಅದೂ ಸೊಲ್ಲಾಪುರದಾಗ?"

ರೆಫರಿಗೆ ಮರಾಠಿಯಲ್ಲಿ ನಾನು ತಿಳಿಸಿ ಹೇಳಿದೆ. ಅವನು ತಲೆಯಾಡಿಸಿದ.

"ಮತ್ತ ಟಾವೆಲ್ ಕೂಡ ಒಂದು ಹೊಸ ಟೋಪಿ ಬಿದ್ದಿತ್ತು. ಟಾವೆಲ್-ಟೋಪಿ ನಾವು ಯಾರಿಗೆ ಕೊಡ್ತೀವಿ? ಅಳಿಯಗ ಕೊಡ್ತೀವಿ, ಗೆದ್ದಾಂವಗ ಕೊಡ್ತೀವಿ. ಸೋಲಸೂ ಮನುಷ್ಯ ಕುಂಕುಮ ಹಚ್ಚಿ ಒಗೀತಾನೇನ? ಇದು ಸತ್ಕಾರ. ಟೋಪಿ ಅಮೋಗಸಿದ್ಧನ ಅಳತಿಗೆ ಹೊಲಿಸಿದ್ದು. ಆ ಅಳತಿ ಬಲ್ಲಾಂವ ಅಪ್ಪ ಒಬ್ಬನ."

"ಹೇಳಲಿಲ್ಲೇನು ನಾನು—" ಎಂದು ನಾನು ಬಾಯಿ ಹಾಕಿದೆ.

"ನೀ ಸುಮ್ನಿರು. ಸಿಟ್ಟಿನಿಂದ ಒಗದಾನ ಅಂದಿ ನೀ. ಯಾವಾಗ ಒಗದಾನ ಅಂತ ವಿಚಾರ ಮಾಡಲಿಲ್ಲ. ಕೊಲ್ಲಾಪುರದಾಂವನ ಬೆನ್ನು ನೆಲಕ್ಕ ಹತ್ತಿದ ಗಳಿಗ್ಯಾಗ! ಬಾಕ್ಸಿಂಗ್ ಬಲ್ಲಾಂವಗ ಅದು ಪಂದ್ಯದ ಕಡೀ ಅಲ್ಲ, ಬಿದ್ದಾಂವ ಏಳಬಹುದು. ಆದ್ರ ಕುಸ್ತಿ ಆಡಿದಾಂವಗ? ಬೆನ್ನು ಮಣ್ಣಿಗೆ ಹತ್ತಿದ್ರ ಚಿತ್. ಕುಸ್ತಿ ಮುಗೀತು, ಗೆದ್ದಾಂವಗ ಅಲ್ಲೇ ಸತ್ಕಾರ." ವೈನಿ ಬಾಗಿಲ ಕಡೆ ತಿರುಗಿದರು. "ಸಾತಲಿಂಗಪ್ಪನವರ, ಸೋಲಿನ ಸುದ್ದಿ ನಿಮಗ ಇವತ್ತ ಪೇಪರ್ ನೋಡಿ ತಿಳೀತು. ಪೇಪರನ್ಯಾಗ ಎಡಗೈ ಸುದ್ದಿ ಇರಲಿಲ್ಲ. ನಿಮ್ಮ ಕೈಗೆ ಅದು ಹೆಂಗ ಗೊತ್ತಾತು?"

ಸಾತಲಿಂಗಪ್ಪ ನಡೆದು ಬಂದ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ.

"ನಾನ ಒಗದೆ" ಎಂದ. "ನೀಲಿ ಮೂಲಿ ಹಿಂದ ಗೋಡಿ ಮಗ್ಗಲಕ ಕದ್ದು ನಿಂತಿದ್ದೆ. ಮಗ ನೋಡಬಾರದು ಅಂತ. ಗೆದ್ರ ಕೊಡಬೇಕಂತ ಟಾವೆಲ್-ಟೋಪಿ ಒಯ್ದಿದ್ದೆ, ಕೈಯಾರ ಕೊಡಾಕ ಮಾರಿ ಇರಲಿಲ್ಲ. ಅಂವ ಕೆಡವಿದ. ನನ್ನ ಮಗ, ಅಷ್ಟ ದೊಡ್ಡಾಂವನ್ನ ಚಿತ್ ಕೆಡವಿದ! ನನಗ ಏನೂ ಕಾಣಲಿಲ್ಲರಿ. ಒಗದುಬಿಟ್ಟೆ. ಜನ ಕೂಗೂದು ಕೇಳಿ ಖುಷಿಗೆ ಕೂಗಾಕತ್ತಾರ ಅಂತ ತಿಳಕೊಂಡು ಎಸ್ಟಿ ಹತ್ತಿದೆ. ದಾರಿ ತುಂಬ ಒಬ್ಬನ ನಕ್ಕೋತ ಹ್ವಾದೆ."

ಅವನು ಉಸ್ತಾದನ ಮುಂದೆ ನಿಂತು ಕಾಲು ಮುಟ್ಟಲು ಬಗ್ಗಿದ. ಉಸ್ತಾದ ಅವನ ಎರಡೂ ತೋಳು ಹಿಡಿದು ಎತ್ತಿದ.

"ಪೈಲವಾನ, ನೀವು ಬಗ್ಗಬ್ಯಾಡ್ರಿ. ಆ ಎಡಗೈ ನಾ ಕಲಸಿದ್ದಲ್ಲ. ಎಲ್ಲಿಂದ ಬಂತು ಅಂತ ಇವತ್ತ ಗೊತ್ತಾತು."

ಮೂಲೆಯವರು ಎಸೆಯದ ಟಾವೆಲಿಗೆ ಬೆಲೆಯಿಲ್ಲ, ಹಿಂದಿನ ಸಂಜೆಯ ತೀರ್ಪು ರದ್ದು, ಪಂದ್ಯ ಮತ್ತೊಮ್ಮೆ ಆಗತಕ್ಕದ್ದು ಎಂದು ರೆಫರಿ ಸಾರಿದ. ದಾಮೋದರ ಶೇಟಜಿ ಉಸ್ತಾದನಿಗೆ ಎಲ್ಲರೆದುರು ಕೈಮುಗಿದರು. ನಾನೂ ಮುಗಿದೆ. ಪೀರಪ್ಪ ಆಗಲೇ ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

ವೈನಿ ಟೋಪಿಯನ್ನು ಸಾತಲಿಂಗಪ್ಪನ ಕೈಗಿಟ್ಟರು. ಅವನು ಮಗನ ಹತ್ತಿರ ಹೋಗಿ, ಬಾತ ಹುಬ್ಬಿಗೆ ತಾಗದಂತೆ, ಬಹಳ ಹಗುರವಾಗಿ ತಲೆಗೆ ತೊಡಿಸಿದ. ಟಾವೆಲನ್ನು ಹೆಗಲಿಗೆ ಹೊದಿಸಿದ.

"ಅಪ್ಪಾ, ಪಂದ್ಯ ಇನ್ನೂ ಗೆದ್ದಿಲ್ಲಲ್ಲ ನಾ" ಎಂದ ಅಮೋಗಸಿದ್ಧ.

"ನಾ ನೋಡೀನಿ ಬಿಡು" ಎಂದ ಸಾತಲಿಂಗಪ್ಪ.

ಆ ಸಂಜೆ ಪಟ್ಟದ ಪಂದ್ಯಕ್ಕೆ ಮೊದಲು ದಾಮೋದರ ಶೇಟಜಿ ಮೈಕಿನಲ್ಲಿ ಕೈಮುಗಿದು ಬೇಡಿಕೊಂಡರು, "ದಯಮಾಡಿ ಯಾರೂ ಟಾವೆಲ್ ಒಗೀಬ್ಯಾಡ್ರಿ!" ಸೊಲ್ಲಾಪುರದ ಮಂದಿ, ಹೆಗಲ ಮೇಲೆ ಟಾವೆಲ್ ಇಲ್ಲದವರು ಯಾರು? ಎಲ್ಲರೂ ತಮ್ಮ ತಮ್ಮ ಟಾವೆಲನ್ನು ಕುಂಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಗಟ್ಟಿಯಾಗಿ ಕೂತರು. ಪೀರಪ್ಪ ಒಂದೊಂದು ಸುತ್ತು ಮುಗಿಸಿ ಮೂಲೆಗೆ ಬಂದಾಗ ಉಸ್ತಾದ ಹಳೆಯ, ಮೆತ್ತಗಿನ ಟಾವೆಲಿನಿಂದ ಅವನ ಮುಖ ಒರೆಸುತ್ತಿದ್ದ. ನನ್ನ ಪಕ್ಕದಲ್ಲಿ ಸಾತಲಿಂಗಪ್ಪ ಪುಣೆಯವನು ಮುಗ್ಗರಿಸಿದಾಗಲೆಲ್ಲ ಏಳಲು ಹೋಗುತ್ತಿದ್ದ. ಮಗ ಅವನ ಕೋಟು ಹಿಡಿದು, "ಇನ್ನೂ ಮುಗದಿಲ್ಲಪ್ಪಾ, ಕೂಡು" ಎಂದು ಎಳೆದು ಕೂರಿಸುತ್ತಿದ್ದ.

ಕೊನೆಯ ಗಂಟೆ ಹೊಡೆಯಿತು. ರೆಫರಿ ಪೀರಪ್ಪನ ಕೈ ಮೇಲೆತ್ತಿದ. ಉಸ್ತಾದ ನಿಂತಲ್ಲೇ ಅತ್ತ.

"ಈಗ?" ಎಂದು ಸಾತಲಿಂಗಪ್ಪ ಮಗನನ್ನು ಕೇಳಿದ.

"ಈಗ ಒಗಿ, ಅಪ್ಪಾ."

ಮೊದಲು ಹಾರಿದ್ದು ಸಾತಲಿಂಗಪ್ಪನ ಟಾವೆಲ್. ಎರಡನೆಯದು, ಹೇಳಲು ನನಗೆ ಹೆಮ್ಮೆ, ದ್ವಾರಕಾ ವೈನಿಯದು. ಆಮೇಲೆ ಇಡೀ ಸೊಲ್ಲಾಪುರ ಎದ್ದು ನಿಂತು ಎಸೆಯಿತು. ಅಖಾಡ ಕಾಣದಂತೆ ಟಾವೆಲ್ ಬಿದ್ದವು, ಮುಂಬಯಿಯ ರೆಫರಿ ಮೊಣಕಾಲಿನವರೆಗೆ ಅವುಗಳಲ್ಲಿ ಮುಳುಗಿ, ಒಂದನ್ನು ಎತ್ತಿ ತನ್ನ ಹೆಗಲಿಗೇ ಹಾಕಿಕೊಂಡ.