ಕುಲುಮೆಯ ಸರಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಪ್ಪ ತಾಮ್ರದ ಕುಲುಮೆಯಲ್ಲಿದ್ದರು. ಕರಗಿದ ಅದಿರಿಗೆ ಕಬ್ಬಿಣದ ಸರಳು ಅದ್ದಿ ತೆಗೆದು, ತುದಿಗೆ ಅಂಟಿದ ಕಿಟ್ಟ, ಅದೇ ಅದಿರಿನ ಕಲ್ಮಶ, ಗಾಜಿನಂತೆ ಹೊಳೆದರೆ ಮಾತ್ರ ತಾಮ್ರ ಹರಿಯಬಿಡುತ್ತಿದ್ದರು. ಹೊಳೆಯದಿದ್ದರೆ, ಬುತ್ತಿ ತಂದು ನಿಂತ ನನಗೆ, "ಇನ್ನೂ ಆಗಿಲ್ಲ ಕಣೇ, ಸ್ವಲ್ಪ ಕೂತ್ಕೋ" ಎನ್ನುತ್ತಿದ್ದರು. ಹಾಗೆ ಕೂತು ಕಾದದ್ದೇ ನನ್ನ ಬಾಲ್ಯ.

ಅಪ್ಪ ತೀರಿಕೊಂಡು ಒಂಬತ್ತು ವರ್ಷ, ಕುಲುಮೆ ಆರಿ ಹನ್ನೊಂದು. ಕಟ್ಟಡ ಕೆಡವುತ್ತಾರೆಂದು ಕೇಳಿ, ಹೋದ ತಿಂಗಳು ಮಟಮಟ ಮಧ್ಯಾಹ್ನ ನೋಡಲು ಹೋದೆ. ಇಟ್ಟಿಗೆಗಳು ತಣ್ಣಗಿದ್ದವು. ಕುಲುಮೆಯ ಬಾಯಲ್ಲಿ ಹುಲ್ಲು ಬೆಳೆದಿತ್ತು. ಆದರೂ ಅಪ್ಪನ ಅಂಗಿಯ ಗಂಧಕದ ವಾಸನೆ ಮೂಗಿಗೆ ಬಡಿಯಿತು. ಗಾಳಿಯೇ ಇಲ್ಲದೆ ಗೋಡೆಯ ಮೊಳೆಯಲ್ಲಿ ಅವರ ಸರಳು ತೂಗಾಡುತ್ತಿತ್ತು. ಆಸೆಯಿಂದ ಅದರ ತುದಿ ಹಿಡಿದುಕೊಂಡವಳೇ ಚೀರಿಬಿಟ್ಟೆ.

"ಅಯ್ಯೋ, ಕೈಗೇನಾಯ್ತಮ್ಮ?" ಎಂದು ಕಾವಲುಗಾರ ಓಡಿಬಂದ.

ಅಂಗೈಯ ಬೊಬ್ಬೆ ಇನ್ನೂ ವಾಸಿಯಾಗಿಲ್ಲ. ಅದರ ನಡುವೆ ಸಾಸಿವೆಯಷ್ಟು ಕಿಟ್ಟ ಅಂಟಿಕೊಂಡಿದೆ. ದಿನಾ ಬೆಳಕಿಗೆ ಹಿಡಿದು ನೋಡುತ್ತೇನೆ. ಗಾಜಿನ ಹೊಳಪು ಇನ್ನೂ ಬಂದಿಲ್ಲ.